ಮೂರನೇ ಅಂಕಣ ತಣ್ಣಗಿತ್ತು

ಇಮಾಮಸಾಬರು ಅಂದು ಹೇಳಿದ್ದು ಖರೆ. ಸುಳ್ಳು ನನ್ನದು.

ಸವಣೂರಿನ ಹೊರಗಿದ್ದ ಹತ್ತಿ ಜಿನ್ನಿನ ಗೋಡೌನಿನಲ್ಲಿ ಹೊಗೆ ಎದ್ದ ವರ್ಷ ನೆನಪಿರುವವರು ಇನ್ನೂ ಇದ್ದಾರೆ. ಹಮಾಲರ ಹಿರಿಯ ಇಮಾಮಸಾಬರು ಮೈಗಳ್ಳತನ ಮಾಡಿದರು, ಬಿಸಿಯೇರಿದ ಹತ್ತಿಕಾಳನ್ನು ಒಂದು ರಾಶಿಯಿಂದ ತೆಗೆದು ಇನ್ನೊಂದರ ಮೇಲೆ ಒಗೆದರು, ಅದಕ್ಕೇ ಬೆಂಕಿ ಹತ್ತಿತು — ಹೀಗೆಂದು ಊರು ನಂಬಿತು. ಈಗಲೂ ನಂಬಿದೆ. ಹಾಗೆ ಆಗಿರಲಿಲ್ಲ. ರಾಶಿಯ ಬಿಸಿ ನೋಡುವ ತಂತಿಗಳಿಗೆ ಗುರುತಿನ ದಾರ ಕಟ್ಟಿದವಳು ನಾನು. ಎರಡು ದಾರ ತಪ್ಪಾಗಿ ಕಟ್ಟಿದೆ. ಅಷ್ಟೇ ಆಗಿದ್ದರೆ... ಇಲ್ಲ, ಅಷ್ಟೇ ಅಲ್ಲ. ಹೊಗೆ ಎದ್ದ ದಿನ, ತಪ್ಪು ನನ್ನದೆಂದು ತಿಳಿದ ಮೇಲೆ, ಯಾರೂ ನೋಡದಾಗ ಆ ಎರಡು ದಾರ ಬಿಚ್ಚಿ ಅದಲುಬದಲು ಮಾಡಿ ಕಟ್ಟಿದೆ. ಕಟ್ಟಿ, ಬದಿಗೆ ನಿಂತು, ಇನ್ನೊಬ್ಬರ ತಲೆಯ ಮೇಲೆ ಅಪವಾದ ಬೀಳುವುದನ್ನು ನೋಡಿದೆ.

ಬರೆಯುವ ರೂಢಿ ನನಗಿಲ್ಲ. ಮನೆ, ದೇವರು, ಎಮ್ಮೆ, ಒಲೆ — ಇಷ್ಟರಲ್ಲೇ ನನ್ನ ಆಯುಷ್ಯ ಹೋಗಿದೆ. ತವರು ಹಿರೇಕೆರೂರು ಕಡೆಯದು. ನಮ್ಮವ್ವ ಒಂದು ಪಾಠ ಕಲಿಸಿದ್ದಳು: ಸಂಜೆ ದೀಪ ಹಚ್ಚಿದ ಮೇಲೆ ಅಂದು ದೇವರು ಮಾಡಿದ ಉಪಕಾರಗಳನ್ನು ಎಣಿಸಬೇಕು. ದೊಡ್ಡವು ಬೇಡ, ಸಣ್ಣವು. ಮೊಸರು ಚೆನ್ನಾಗಿ ಹೆಪ್ಪುಗಟ್ಟಿತು. ಹಪ್ಪಳ ಒಳಗೆ ತರುವವರೆಗೆ ಮಳೆ ತಡೆಯಿತು. ಮಗುವಿನ ಮೈ ತಣ್ಣಗಾಯಿತು. ಇವತ್ತಿಗೂ ಎಣಿಸುತ್ತೇನೆ. ಈ ಮಾತು ಯಾಕೆ ಹೇಳಿದೆ ಎಂದರೆ — ಮುಂದೆ ಬರುತ್ತದೆ.

ನಮ್ಮ ಮನೆಯವರು ಆ ಜಿನ್ನಿನಲ್ಲಿ ವೈರಮನ್. ಜಿನ್ನಿನ ಪಕ್ಕಕ್ಕೇ ಕೆಲಸಗಾರರ ಸಾಲುಮನೆಗಳಿದ್ದವು. ನಮ್ಮ ಮನೆಯ ಗೋಡೆಗೆ ಗೋಡೆ ಹತ್ತಿ ಇಮಾಮಸಾಬರ ಮನೆ. ಅವರ ಹೆಂಡತಿ ಮೆಹಬೂಬಿ ನನಗಿಂತ ದೊಡ್ಡಾಕೆ. ನಾನು ಅಕ್ಕ ಅನ್ನುತ್ತಿದ್ದೆ, ಅವಳು ಗಿರಿಜವ್ವ ಅನ್ನುತ್ತಿದ್ದಳು. ಮಗಳು ಶೋಭಾ ಹುಟ್ಟಿ ನಾನು ತವರಿಂದ ಬಂದಾಗ, ಬಾಣಂತಿಗೆ ನೀರು ಹೊರುವ ಕೆಲಸ ಬೇಡವೆಂದು ಬಾವಿಯಿಂದ ನನ್ನ ಪಾಲಿನ ನೀರನ್ನೂ ಅವಳೇ ಹೊತ್ತಳು. ಯಾರೂ ಹೇಳಿರಲಿಲ್ಲ. ಬೆಳಗಾದರೆ ಕೊಡ ತುಂಬಿ ಬಾಗಿಲಲ್ಲಿ ಇರುತ್ತಿತ್ತು.

ಜಿನ್ನಿನ ಯಂತ್ರದಲ್ಲಿ ಹತ್ತಿಯಿಂದ ಬಿಡಿಸಿದ ಕಾಳನ್ನು ಎಣ್ಣೆಗೆ ಹೋಗುವವರೆಗೆ ಗೋಡೌನಿನಲ್ಲಿ ರಾಶಿ ಹಾಕುತ್ತಿದ್ದರು. ಕಂಬದಿಂದ ಕಂಬಕ್ಕೆ ಒಂದು ಅಂಕಣ, ಅಂಕಣಕ್ಕೊಂದು ರಾಶಿ — ಹೀಗೆ ಆರು. ಕಾಳು ಸ್ವಲ್ಪ ಹಸಿ ಇದ್ದರೆ ರಾಶಿಯ ಹೊಟ್ಟೆಯೊಳಗೆ ತಾನಾಗಿಯೇ ಬಿಸಿಯಾಗುತ್ತದೆ. ತಿರುವಿ ಹಾಕದೆ ಬಿಟ್ಟರೆ ಒಳಗೊಳಗೇ ಕರಕಲಾಗಿ ಹೊಗೆಯಾಡುತ್ತದೆ. ಹಾಗಾಗಿ ಇಮಾಮಸಾಬರು ಮೊಳಕೈ ಮಟ್ಟ ಕೈ ತೂರಿಸಿ ನೋಡುತ್ತಿದ್ದರು. ಹಾಲಿಗೆ ಹೆಪ್ಪು ಹಾಕುವಷ್ಟು ಬೆಚ್ಚಗಾಗಿದ್ದರೆ ಆ ರಾಶಿ ತಿರುವಬೇಕೆಂದು ಲೆಕ್ಕ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮಾಲೀಕರು ಹುಬ್ಬಳ್ಳಿಯಿಂದ ಒಂದು ಯಂತ್ರ ತರಿಸಿದರು. ರಿಕಾರ್ಡರು ಎಂದು ಅದಕ್ಕೆ ಹೆಸರು. ಪ್ರತಿ ರಾಶಿಯ ಹೊಟ್ಟೆಗೆ ಒಂದು ಕಬ್ಬಿಣದ ಕೊಳವೆ, ಕೊಳವೆಯಿಂದ ಆಫೀಸು ಕೋಣೆಯ ಯಂತ್ರದವರೆಗೆ ಒಂದು ತಂತಿ. ಒಂದೊಂದು ಜಾಗಕ್ಕೆ ಒಂದೊಂದು ಪಾಯಿಂಟು. ಯಂತ್ರದೊಳಗೆ ಕಾಗದ ನಿಧಾನವಾಗಿ ಸರಿಯುತ್ತಿತ್ತು, ಅದರ ಮೇಲೆ ಪಾಯಿಂಟಿಗೊಂದು ಬಣ್ಣದ ಚುಕ್ಕೆ ತಾನೇ ಬೀಳುತ್ತಿತ್ತು. ಮೊದಲನೇ ಅಂಕಣಕ್ಕೆ ಕೆಂಪು, ಎರಡಕ್ಕೆ ನೀಲಿ, ಮೂರಕ್ಕೆ ಹಸಿರು, ನಾಲ್ಕಕ್ಕೆ ಕಂದು, ಐದಕ್ಕೆ ನೇರಳೆ, ಆರಕ್ಕೆ ಕಪ್ಪು. ಬಿಸಿ ಹೆಚ್ಚಾದರೆ ಚುಕ್ಕೆ ಬಲಕ್ಕೆ ಸರಿಯುತ್ತ ಹೋಗುವುದು. ದಿನಾ ಬೆಳಿಗ್ಗೆ ಕಾಗದ ಹರಿದು, ತಾರೀಖು ಬರೆದು, ಸುರುಳಿ ಸುತ್ತಿ ಟ್ರಂಕಿನಲ್ಲಿ ಜೋಪಾನ ಇಡಬೇಕು. ಹೋದ ವರ್ಷ ಯಾವ ರಾಶಿ ಯಾವಾಗ ಬಿಸಿಯಾಗಿತ್ತು ಎಂದು ಬೇಕಾದಾಗ ತೆಗೆದು ನೋಡಲಿಕ್ಕೆ. ನಮ್ಮ ಮನೆಯವರು ಇದನ್ನೆಲ್ಲ ಒಲೆಯ ಮುಂದೆ ಕುಳಿತು, ಜೋಳದ ಕಾಳನ್ನು ಆರು ಗುಂಪು ಮಾಡಿ ನನಗೆ ತಿಳಿಸಿ ಹೇಳಿದ್ದರು. ಓದಿದವರ ಕೆಲಸ ನನ್ನ ಒಲೆಯ ಮುಂದೆ ಬಂತಲ್ಲ ಎಂದು ಅಂದು ಸಂಜೆ ಅದನ್ನೂ ಒಂದು ಉಪಕಾರವೆಂದು ಎಣಿಸಿದ್ದೆ.

ಇಮಾಮಸಾಬರಿಗಂತೂ ಸಂತೋಷವೇ.

"ಏನ್ ತಂಗಿ, ಹತ್ತಿಕಾಳಿಗೂ ಜ್ವರ ನೋಡೋ ಡಾಕ್ಟರ್ ಬಂದನಂತಲ್ಲ," ಎಂದರು. "ಇನ್ನ ನನ್ನ ಕೈಗೆ ರಜಾ."

ಮೆಹಬೂಬಿ ಅಕ್ಕ ಒಳಗಿನಿಂದಲೇ ಅಂದಳು: "ಕೈಗೆ ರಜಾ ಸಿಕ್ತು, ಬಾಯಿಗೆ ಯಾವಾಗ ಕೊಡ್ತೀರಿ?"

"ಅದಕ್ಕೂ ಹುಬ್ಬಳ್ಳಿಯಿಂದ ಒಂದು ಮಿಷನ್ ಬರಬೇಕು ನೋಡು."

ಆರೂ ತಂತಿಗೆ ಒಂದೇ ಬೂದಿ ಬಣ್ಣದ ಹೊದಿಕೆ. ಅವನ್ನು ಒಟ್ಟಿಗೆ ಸೇರಿಸಿ, ಹಳೆ ಧೋತರದ ಪಟ್ಟಿಗಳಿಂದ ಸುತ್ತಿ, ಹಗ್ಗದ ಹಾಗೆ ಮಾಡಿ ಗೋಡೆಯ ಮೇಲೆ ಒಯ್ಯಬೇಕಾಗಿತ್ತು. ಹಾಗೆ ಸುತ್ತಿದ ಮೇಲೆ ಈ ತುದಿಗೆ ಇರುವ ತಂತಿ ಆ ತುದಿಯಲ್ಲಿ ಯಾವುದೆಂದು ಯಾರಿಗೆ ಗೊತ್ತಾಗಬೇಕು? ಅದಕ್ಕೇ ಎರಡೂ ತುದಿಗೆ ಒಂದೇ ಬಣ್ಣದ ದಾರ ಕಟ್ಟಬೇಕು. "ನೀ ಕಟ್ಟು. ನಿನ್ನ ಗಂಟು ಬಿಚ್ಚೂದಿಲ್ಲ," ಎಂದು ನಮ್ಮ ಮನೆಯವರು ನನಗೆ ಒಪ್ಪಿಸಿದರು. ಅವರಿಗೆ ಅಂದು ಜಿನ್ನಿನಲ್ಲಿ ಬೇರೆ ಕೆಲಸ. ಒಂದು ಬ್ಯಾಟರಿ ಶೆಲ್ಲು, ಒಂದು ಸಣ್ಣ ಬಲ್ಬು ಕೊಟ್ಟು ಹೋದರು. ಒಂದೊಂದು ತಂತಿಯೊಳಗೂ ಎರಡು ಎಳೆ. ಆ ತುದಿಯಲ್ಲಿ ಒಂದು ತಂತಿಯ ಎರಡೆಳೆ ಕೂಡಿಸಿ ಹೊಸೆಯಬೇಕು, ಈ ತುದಿಯಲ್ಲಿ ಶೆಲ್ಲು-ಬಲ್ಬು ಹಿಡಿದು ಒಂದೊಂದಾಗಿ ಮುಟ್ಟಿಸಬೇಕು. ಯಾವುದಕ್ಕೆ ಬಲ್ಬು ಹತ್ತುತ್ತದೋ ಅದೇ ತಂತಿ. ಕೂಡಲೇ ಎರಡೂ ಕಡೆ ಒಂದೇ ಬಣ್ಣದ ದಾರ.

ಅದು ಶ್ರಾವಣದ ಸೋಮವಾರ. ಸಾಲುಮನೆಯ ಉದ್ದಕ್ಕೂ ಆ ತಂತಿಯ ಹಗ್ಗ ಹಾಸಿ, ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಬೇವಿನ ಮರದ ಕೆಳಗೆ ಮೆಹಬೂಬಿ ಅಕ್ಕ. ಅವಳು ಹೊಸೆದು "ಹೂಂ" ಅನ್ನುವಳು, ನನ್ನ ಕೈಯಲ್ಲಿ ಬಲ್ಬು ಮಿಣಕ್ಕೆಂದು ಹತ್ತುವುದು, ಶೋಭಾ ಚಪ್ಪಾಳೆ ತಟ್ಟುವಳು. ನಗುತ್ತ ನಗುತ್ತ ನಾಲ್ಕು ತಂತಿ ಮುಗಿಸಿದೆವು. ಉಳಿದದ್ದು ಹಸಿರು ಮತ್ತು ಕಪ್ಪು. ಹಸಿರು ದಾರ ಮುಗಿದಿತ್ತು, ಹಳೆಯ ಖಣದ ಕುಪ್ಪಸದ ಅಂಚಿನಿಂದ ಎಳೆ ಬಿಡಿಸಬೇಕಾಯಿತು. ಕರಿ ದಾರವನ್ನು ಶ್ರಾವಣ ಸೋಮವಾರ ಮುಟ್ಟಲು ಮನಸ್ಸಾಗದೆ ನಾನೇ ಕೊನೆಗೆ ಇಟ್ಟಿದ್ದೆ. ಅಷ್ಟರಲ್ಲಿ ಹೊತ್ತು ಮುಳುಗಿತು.

ಮೆಹಬೂಬಿ ಅಕ್ಕ ಎದ್ದಳು. "ತಡಿ ಗಿರಿಜವ್ವ, ನಮಾಜ್ ಮುಗಿಸಿ ಬರ್ತೇನಿ. ಎರಡs ಉಳದಾವಲ್ಲ."

"ಇರ್ಲಿ ಬಿಡಕ್ಕ, ನಾ ಒಬ್ಬಾಕೆ ಮಾಡ್ಕೋತೇನಿ," ಎಂದೆ.

ಮಾಡಿಕೊಳ್ಳಬಹುದಾಗಿತ್ತು. ಆ ತುದಿಗೆ ಹೋಗಿ ಹೊಸೆದು, ಈ ತುದಿಗೆ ಬಂದು ಬಲ್ಬು ಮುಟ್ಟಿಸಿದ್ದರೆ ಆಗುತ್ತಿತ್ತು. ಆದರೆ ದೀಪ ಹಚ್ಚುವ ಹೊತ್ತಾಗಿತ್ತು. ದೀಪ ಹಚ್ಚಿದ ಮೇಲೆ ಸೂಜಿ-ದಾರ ಮುಟ್ಟಬಾರದೆಂಬುದು ನಮ್ಮವ್ವನ ಕಟ್ಟಪ್ಪಣೆ, ನಾನು ಒಂದು ದಿನವೂ ಮೀರಿದವಳಲ್ಲ. ದೇವರಿಗೆ ತಡವಾಗುತ್ತದೆ... ಇಂಜಿನಿಯರು ಮುಂಜಾನೆಯೇ ಬರುತ್ತಾರೆ... ಉಳಿದದ್ದು ಎರಡೇ. ಈ ತುದಿಯಲ್ಲಿ ಮೇಲಿರುವುದು ಆ ತುದಿಯಲ್ಲೂ ಮೇಲೇ ಇದೆ ಎಂದುಕೊಂಡೆ. ಮೇಲಿನದಕ್ಕೆ ಹಸಿರು, ಕೆಳಗಿನದಕ್ಕೆ ಕಪ್ಪು. ಬಸವಣ್ಣಾ ನೀನೇ ನೋಡಿಕೋ ಎಂದು ಅವನ ಮೇಲೆ ಭಾರ ಹಾಕಿ, ಗಂಟು ಬಿಗಿದು, ಕೈತೊಳೆದು ದೀಪ ಹಚ್ಚಿದೆ. ಒಂದು ಬಲ್ಬು ಹೇಳಬೇಕಾದದ್ದನ್ನು ದೇವರಿಗೆ ಬಿಟ್ಟೆ.

ನಮ್ಮ ಮನೆಯವರು ಬಂದು ಕೇಳಿದರು: "ಎಲ್ಲಾ ಬಲ್ಬ್ ಹಚ್ಚಿ ನೋಡೀ ಹೌದಿಲ್ಲೋ?"

"ನೋಡೇನ್ರಿ."

ಇಷ್ಟೇ. ಒಂದೇ ಮಾತು. ಸುಳ್ಳು ಹೇಳುತ್ತಿದ್ದೇನೆ ಎಂದು ಅನಿಸಲೂ ಇಲ್ಲ. ಊಟಕ್ಕೆ ಬಡಿಸುತ್ತ, ರೊಟ್ಟಿಯ ಮೇಲೆ ಬೆಣ್ಣೆ ಇಡುತ್ತ ಹೇಳಿದ ಮಾತು ಅದು.

ಮರುದಿನ ಇಂಜಿನಿಯರು ದಾರ ನೋಡಿ ತಂತಿ ಜೋಡಿಸಿದರು. ಕೆಂಪು ಮತ್ತು ನೀಲಿ ದಾರದ ಕೊಳವೆಗಳನ್ನು ಬಿಸಿನೀರಿನ ಬಕೀಟಿನಲ್ಲಿ ಅದ್ದಿ ನೋಡಿದರಂತೆ. ಕೆಂಪು ಚುಕ್ಕೆ ಏರಿತು, ನೀಲಿ ಚುಕ್ಕೆ ಏರಿತು. ಉಳಿದವನ್ನೂ ನೋಡಬೇಕೆಂದಾಗ ನಮ್ಮ ಮನೆಯವರು, "ನಮ್ಮನಿಯಾಕಿ ಎಲ್ಲಾ ಬಲ್ಬ್ ಹಚ್ಚಿ ನೋಡ್ಯಾಳ್ರಿ," ಎಂದರು. ನನ್ನ ಮೇಲಿನ ಹೆಮ್ಮೆಯಿಂದ ಹೇಳಿದ ಮಾತು. ಅಲ್ಲಿಗೆ ಪರೀಕ್ಷೆ ಮುಗಿಯಿತು.

ಕಾಳು ಒಣಗಿದ್ದಾಗ ಎಲ್ಲ ರಾಶಿಗಳೂ ತಣ್ಣಗಿರುತ್ತವೆ. ಹಸಿರು ಚುಕ್ಕೆಯೂ ಕರಿ ಚುಕ್ಕೆಯೂ ಒಂದರ ಬೆನ್ನಿಗೊಂದು ಒಂದೇ ಸಾಲಿನಲ್ಲಿ ನಡೆದವು. ಯಾರಿಗೂ ಏನೂ ಕಾಣಲಿಲ್ಲ. ದೀಪಾವಳಿ ಹೋಗಿ ಹೊಸ ಹತ್ತಿ ಬಂತು. ಅಷ್ಟರಲ್ಲಿ ಅಕಾಲದ ಅಡ್ಡಮಳೆ ಹಿಡಿಯಿತು. ಹಾನಗಲ್ಲ ಕಡೆಯಿಂದ ಬಂದ ಗಾಡಿಗಳಲ್ಲಿ ಹತ್ತಿ ತೊಯ್ದಿತ್ತು. ಆ ಕಾಳನ್ನು ಹಾಕಿದ್ದು ಆರನೇ ಅಂಕಣಕ್ಕೆ. ಕಾಗದದ ಮೇಲೆ ಏರತೊಡಗಿದ್ದು ಹಸಿರು ಚುಕ್ಕೆ.

ಮ್ಯಾನೇಜರ ಸಾಹೇಬರು ಕಾಗದ ನೋಡಿ ಇಮಾಮಸಾಬರನ್ನು ಕರೆಸಿದರು. ಹಸಿರು ಎಂದರೆ ಮೂರನೇ ಅಂಕಣ, ಅದನ್ನು ತಿರುವಿರಿ ಎಂದರು. ಇಮಾಮಸಾಬರು ಹೋಗಿ ಕೈ ತೂರಿಸಿ ನೋಡಿ ಬಂದು, "ತಣ್ಣಗೈತ್ರಿ," ಎಂದರು. ಕಾಗದ ಬಿಸಿ ಎನ್ನುತ್ತಿದೆ, ತಿರುವು ಎಂದರು ಸಾಹೇಬರು. ಸರಿ, ತಿರುವಿದರು. ಹೊರಗೆ ಹರವಲು ಬಿಸಿಲಿಲ್ಲ, ಮೋಡ ಕವಿದಿತ್ತು. ಮೂರನೇ ರಾಶಿ ಒಡೆದು, ಕಾಳನ್ನು ಗೋಡೌನಿನ ತುದಿಗೆ, ಆರನೇ ಅಂಕಣದ ಮಗ್ಗುಲಿಗೆ ಸರಿಸಿದರು. ಮೈತುಂಬ ಅರಳೆ ಮೆತ್ತಿಕೊಂಡು ಸಂಜೆ ಮನೆಗೆ ಬಂದಾಗ ಇಮಾಮಸಾಬರು ನನಗೇ ಹೇಳಿದ್ದರು: "ತಂಗಿ, ಡಾಕ್ಟರಿಗೆ ಜ್ವರಾ ಬಂದಂಗೈತಿ." ನಾನು ನಕ್ಕೆ. ಆರನೇ ಅಂಕಣಕ್ಕೆ ಅವರೂ ಕೈ ಹಾಕಿ ನೋಡಲಿಲ್ಲ. ಅದರ ಕರಿ ಚುಕ್ಕೆ ಸುಮ್ಮನೆ ಇತ್ತಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಆರನೇ ಅಂಕಣ ಹೊಗೆಯಾಡುತ್ತಿತ್ತು.

ದೇವರು ದೊಡ್ಡವನು, ಯಾರ ಜೀವಕ್ಕೂ ಏನೂ ಆಗಲಿಲ್ಲ. ಉಸುಕು ಒಗೆದು ನೀರು ಹೊಡೆದು ಆರಿಸಿದರು. ಕಾಳು ಎಳೆಯಲು ಅಡ್ಡಬರುತ್ತವೆಂದು ಆರೂ ಕೊಳವೆಗಳನ್ನು ಕಿತ್ತು, ತಂತಿ ಸಮೇತ ಅಂಗಳಕ್ಕೆ ಎಳೆದು ಒಗೆದಿದ್ದರು; ತಂತಿಯ ಇನ್ನೊಂದು ತುದಿ ಯಂತ್ರಕ್ಕೆ ಹಾಗೇ ಇತ್ತು. ನಮ್ಮ ಮನೆಯವರು ಕೊಡಪಾನ ಒಯ್ಯಲು ಓಡಿ ಬಂದವರು ಬಾಗಿಲಲ್ಲಿ ನಿಂತು ಅಂದರು: "ಕಾಗದದಾಗ ಮೂರನೇದು ಸುಡಾಕತ್ತಿತ್ತು. ಹೊಗಿ ನೋಡಿದ್ರ ಆರನೇದ್ರಾಗ. ಏನ್ ತಿಳೀವಲ್ದು. ಇಂಜಿನಿಯರ್ರು ರೈಲಿಗೆ ಬರಾಕತ್ತಾರ, ಯಲವಿಗಿ ಟೇಶನ್ನಿಗೆ ಗಾಡಿ ಕಳಿಸ್ಯಾರ."

ಅವರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಹಂಚಿನ ಮೇಲೆ ರೊಟ್ಟಿ ಇತ್ತು, ಅದು ಸೀಯುವವರೆಗೆ ನಾನು ಅಲ್ಲಾಡಲಿಲ್ಲ. ಮೂರು — ಹಸಿರು. ಆರು — ಕಪ್ಪು. ಬಲ್ಬು ಹಚ್ಚದೆ ಕಟ್ಟಿದ ಎರಡು ದಾರ. ಕಾಗದ ಸುಳ್ಳು ಹೇಳಿರಲಿಲ್ಲ. ಬಿಸಿ ಖರೆಯೇ. ಆ ಬಿಸಿಯ ಹೆಸರು ಸುಳ್ಳಾಗಿತ್ತು — ಹೆಸರಿಟ್ಟವಳು ನಾನು.

ಬುತ್ತಿ ಕಟ್ಟಿಕೊಂಡು, ಶೋಭಾಳನ್ನು ಸೊಂಟಕ್ಕೆ ಎತ್ತಿಕೊಂಡು ಜಿನ್ನಿಗೆ ಹೋದೆ. ಹೋಗುವಾಗ ಮನಸ್ಸಿನಲ್ಲಿ ಏನಿತ್ತು? ನಮ್ಮ ಮನೆಯವರಿಗೆ ಹೇಳಬೇಕೆಂದಿತ್ತೇ? ಇತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಖರೆ ಬರೆಯುತ್ತೇನೆ. ಇರಲಿಲ್ಲ.

ಎಲ್ಲರೂ ಗೋಡೌನಿನ ಬಾಗಿಲಲ್ಲಿ ಸೇರಿದ್ದರು. ಅಂಗಳದಲ್ಲಿ ಕೊಳವೆಗಳು ಬಿದ್ದಿದ್ದವು, ಒಂದೊಂದರ ತಲೆಗೂ ನಾನು ಕಟ್ಟಿದ ದಾರ. ಕಿತ್ತು ಒಗೆದ ಮೇಲೆ ಯಾವ ಕೊಳವೆ ಯಾವ ಅಂಕಣದಲ್ಲಿತ್ತು ಎಂದು ಹೇಳುವುದು ಆ ದಾರವೊಂದೇ. ನಾನು ಮಗುವನ್ನು ಹೊತ್ತು ಅಲ್ಲೇ ನಿಂತಿದ್ದಾಗ ಇಮಾಮಸಾಬರು ಬಂದರು. ಮುಖವೆಲ್ಲ ಮಸಿ, ಕಣ್ಣು ಕೆಂಪು.

"ಕೊಡು ತಂಗಿ ಕೂಸಿನ್ನ. ಇಲ್ಲೆ ಹೊಗಿ ಐತಿ, ಕೆಮ್ಮು ಹತ್ತತೈತಿ. ನಾ ಆಕಡೆ ಗಾಳಿಗೆ ಕರ್ಕೊಂಡು ಹೋಗಿರ್ತೇನಿ."

ಶೋಭಾ ಅವರ ಕುತ್ತಿಗೆಗೆ ತೋಳು ಹಾಕಿ ಹೋದಳು. ನನ್ನ ಎರಡೂ ಕೈ ಖಾಲಿಯಾದವು. ಖಾಲಿ ಮಾಡಿಕೊಟ್ಟವರು ಅವರು.

ನಾನು ಕುಳಿತೆ. ಬುತ್ತಿಯ ಗಂಟು ಸರಿಮಾಡುವವಳ ಹಾಗೆ ಸೆರಗು ಮುಂದೆ ಮಾಡಿ, ಹಸಿರು ದಾರ ಬಿಚ್ಚಿದೆ. ಕರಿ ದಾರ ಬಿಚ್ಚಿದೆ. ಹಸಿರಿದ್ದಲ್ಲಿ ಕಪ್ಪು, ಕಪ್ಪಿದ್ದಲ್ಲಿ ಹಸಿರು. ಯಂತ್ರದ ಕಡೆಯ ದಾರಕ್ಕೂ ಇದಕ್ಕೂ ಈಗ ತಾಳೆಯಾಯಿತು. ಬಾಯಲ್ಲಿ ಬಸವಣ್ಣನ ಹೆಸರು ನಡೆದೇ ಇತ್ತು — ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಇತ್ತು.

ಇಂಜಿನಿಯರು ಬಂದರು. ತಂತಿ ತಪ್ಪಾಗಿರಬಹುದೇ ಎಂದು ಮೊದಲು ಕೇಳಿದವರು ಅವರೇ. ಒಂದು ಬಕೀಟು ಬಿಸಿನೀರು ತರಿಸಿದರು. ಬಿಸಿನೀರು ಬಂದದ್ದು ಮೆಹಬೂಬಿ ಅಕ್ಕನ ಹಂಡೆಯಿಂದ, ಅವಳೇ ಹೊತ್ತು ತಂದಳು. ಹಸಿರು ದಾರದ ಕೊಳವೆ ಅದ್ದಿದರು. ಒಳಗಿನಿಂದ ನಮ್ಮ ಮನೆಯವರು ಕೂಗಿ ಹೇಳಿದರು, ಹಸಿರು ಚುಕ್ಕೆ ಏರುತ್ತಿದೆ ಎಂದು. ಕರಿ ದಾರದ್ದು ಅದ್ದಿದರು, ಕರಿ ಚುಕ್ಕೆ ಏರಿತು. ಆರೂ ಬರೋಬರಿ. ಇಂಜಿನಿಯರು ಕೈ ಒರೆಸಿಕೊಂಡರು.

ಮ್ಯಾನೇಜರರು ಟ್ರಂಕಿನಿಂದ ಹಿಂದಿನ ದಿನದ ಸುರುಳಿ ತಂದು ಬಿಚ್ಚಿ ಹಿಡಿದರು. "ನೋಡು. ಮೂರನೇದು ಏರೈತಿ. ಆ ಸುಡೂ ಕಾಳು ತಂದು ಆರನೇದಕ್ಕ ಒಗದಿ. ಹರವೂದು ಬ್ಯಾಸರ ಬಂತು ನಿನಗ."

"ಇಲ್ರಿ ಸಾಹೇಬ್ರ. ಮೂರನೇ ಅಂಕಣ ತಣ್ಣಗಿತ್ತು. ಈ ಕೈ ಇಟ್ಟು ನೋಡೇನ್ರಿ."

"ಕಾಗದ ಸುಳ್ಳು ಹೇಳತೈತೇನು?"

"ಕಾಗದದ್ದು ನನಗ ತಿಳಿಯೂದಿಲ್ರಿ. ಕೈ..."

"ಹಂಗಾರ ನಿನ್ನ ಕೈನs ಸುಳ್ಳು."

ಇಮಾಮಸಾಬರು ತಮ್ಮ ಅಂಗೈಯನ್ನು ಮುಖದ ಮುಂದೆ ಹಿಡಿದು ನೋಡಿದರು. ಸಿಟ್ಟಿನಿಂದಲ್ಲ. ಗುರುತು ಸಿಗದವರನ್ನು ನೋಡುವ ಹಾಗೆ. ನಾನು ಬುತ್ತಿಯ ಪಾತ್ರೆ ಹಿಡಿದು ಐದಾರು ಮಾರು ಆಚೆ ನಿಂತಿದ್ದೆ. ಒಂದು ಮಾತು ಸಾಕಾಗಿತ್ತು. ನನ್ನ ಬಾಯಿಂದ ಬರಲಿಲ್ಲ. ನಮ್ಮ ಮನೆಯವರ ಕೆಲಸ ಹೋಗುತ್ತದೆ ಎಂದಿತ್ತೋ, ಎಲ್ಲರೆದುರು ಸುಳ್ಳಿ ಎನಿಸಿಕೊಳ್ಳುವ ಅಂಜಿಕೆಯೋ — ಎರಡೂ ಇದ್ದವು. ಎರಡೂ ನೆಪವಾಗಲಾರವು.

ಅಂದು ಸಂಜೆಯೂ ದೀಪ ಹಚ್ಚಿ ಎಣಿಸಿದೆ. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಮಗುವಿಗೆ ಕೆಮ್ಮು ಬರಲಿಲ್ಲ. ಹಸಿರು ಚುಕ್ಕೆ ಏರಿತು — ಇದನ್ನೂ. ಇದನ್ನೂ ದೇವರ ಉಪಕಾರವೆಂದು ಎಣಿಸಿದೆ. ನನ್ನ ಎಲ್ಲ ಪಾಪಗಳಲ್ಲಿ ನನಗೆ ಹೆಚ್ಚು ಅಂಜಿಕೆ ಈ ಎಣಿಕೆಯದು.

ಇಮಾಮಸಾಬರನ್ನು ಕೆಲಸದಿಂದ ತೆಗೆದರು. ಮೆಹಬೂಬಿ ಅಕ್ಕನ ತವರು ಹುಲಗೂರು, ಅಲ್ಲಿಗೇ ಹೊರಟರು. ಹೋಗುವ ಮುಂಜಾನೆ ನನ್ನ ಬಾಗಿಲಲ್ಲಿ ತುಂಬಿದ ಕೊಡ ಇತ್ತು. ಅವಳೇ ಇಟ್ಟಿದ್ದಳು. "ನಾಳಿಂದ ನೀನs ಹೊರಬೇಕಲ್ಲವ್ವ," ಎಂದು ಶೋಭಾಳ ಕೆನ್ನೆಗೆ ಮುತ್ತು ಕೊಟ್ಟು ಗಾಡಿ ಹತ್ತಿದಳು. ಆ ನೀರನ್ನು ನಾನು ಕುಡಿದೆ, ಅಡಿಗೆಗೆ ಬಳಸಿದೆ, ದೇವರಿಗೂ ಇಟ್ಟೆ.

ವರ್ಷಗಳು ಹೋದವು. ಶೋಭಾ ಈಗ ಲಂಗದ ಮೇಲೆ ದಾವಣಿ ಹೊದೆಯುವಷ್ಟು ದೊಡ್ಡವಳು. ಜಿನ್ನು ಮುಚ್ಚಿದೆ. ನಮ್ಮ ಮನೆಯವರು ಪೇಟೆಯಲ್ಲಿ ಮೋಟಾರು ರಿಪೇರಿ ಮಾಡುತ್ತಾರೆ. ಈ ವರ್ಷ ಸಂತೆಯಲ್ಲಿ ವೀಳ್ಯದೆಲೆ ಮಾರುವವಳ ಮುಂದೆ ಒಬ್ಬಾಕೆ ನನ್ನ ತೋಳು ಹಿಡಿದಳು. ಮೆಹಬೂಬಿ ಅಕ್ಕ. ತಲೆ ಬೆಳ್ಳಗಾಗಿತ್ತು, ನಗು ಹಾಗೇ ಇತ್ತು. ಅಲ್ಲೇ ಅಂಗಡಿಯ ಕಟ್ಟೆಗೆ ಕುಳಿತು, ಖಾರದ ಚುರುಮುರಿಯ ಪೊಟ್ಟಣ ಬಿಚ್ಚಿ ನನ್ನ ಕೈಗೂ ಹಾಕಿ, ಎಲ್ಲರನ್ನೂ ವಿಚಾರಿಸಿದಳು. ಅಣ್ಣ ಹೇಗಿದ್ದಾರೆ ಎಂದು ನಾನು ಕೇಳಿದೆ.

"ಅದಾರವ್ವ. ಹೊಲಕ್ಕ ಹೋಗ್ತಾರ, ಬರ್ತಾರ." ಪೊಟ್ಟಣ ಮಡಚುತ್ತ ಅಂದಳು: "ಒಂದs ನೋಡು. ಜಳಕದ ನೀರಾಗ ಕೈ ಇಡ್ತಾರ. ಇಟ್ಟು ನನ್ನ ಕೇಳ್ತಾರ — ಬಿಸಿ ಆದಾವೇನ? ಅಂತ. ಕೈ ನೀರಾಗs ಇರತೈತಿ, ಕೇಳೂದು ನನ್ನ. ಹಾಲು ಆರ್‍ಯಾವೇನ, ಚಾ ಬಿಸಿ ಐತೇನ, ಎಲ್ಲಾ ನನ್ನs ಕೇಳಬೇಕು. ಮೊದಲ ನಗಿಗೆ ಚಾಷ್ಟಿ ಮಾಡ್ತಾರ ಅಂದ್ಕೊಂಡಿದ್ದೆ."

ಕೆಲಸ ಕಳೆದುಕೊಂಡರು ಎಂದಷ್ಟೇ ತಿಳಿದಿದ್ದೆ ನಾನು. ಹೆಸರು ಕೆಟ್ಟಿತು ಎಂದು ಕೂಡ. ಅವರ ಕೈಯನ್ನೇ ಅವರಿಂದ ಕಸಿದುಕೊಂಡಿದ್ದೇನೆಂದು ತಿಳಿದಿರಲಿಲ್ಲ.

ಅಂದು ಸಂಜೆ ದೀಪ ಹಚ್ಚಿದೆ. ಎಣಿಸಲು ಬರಲಿಲ್ಲ. ಬಾಯಿ ತೆರೆದರೆ ಒಂದೂ ಬರಲಿಲ್ಲ. ಎದ್ದು ಹೋಗಿ, ಪಡಸಾಲೆಯಲ್ಲಿ ಮೋಟಾರು ಬಿಚ್ಚಿ ಕುಳಿತಿದ್ದ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಬಲ್ಬು ಹಚ್ಚದ್ದು, ದಾರ ಬದಲಿಸಿದ್ದು, ಎಲ್ಲ.

ಅವರು ಕೈಯಲ್ಲಿದ್ದ ತಿರುಪು ಕೆಳಗಿಟ್ಟರು. "ಗೊತ್ತಿತ್ತು," ಎಂದರು. "ಉಳಿದ ನಾಲ್ಕು ಗಂಟಿನ ಮ್ಯಾಲ ಎಣ್ಣಿ, ಧೂಳು ಕುಂತಿತ್ತು. ಆ ಎರಡು ಗಂಟು ಸ್ವಚ್ಛ ಇದ್ವು."

"ಮತ್ತ ಯಾಕ ನನ್ನ ಕೇಳಲಿಲ್ರಿ?"

"ಕೇಳಿದ್ರ ನೀ ಖರೆ ಹೇಳ್ತಿದ್ದಿ."

ಆಗ ನೆನಪಾಯಿತು — ಆ ದಿನದ ನಂತರ ಅವರು ನನ್ನ ಕೈಯಿಂದ ಒಂದು ಗಂಟನ್ನೂ ಕಟ್ಟಿಸಿರಲಿಲ್ಲ. ಬುತ್ತಿಯ ಗಂಟು ಕೂಡ ತಾವೇ ಕಟ್ಟಿಕೊಂಡು ಹೋಗುತ್ತಿದ್ದರು. ಇಷ್ಟು ವರ್ಷ ಅದನ್ನು ನಾನು ಪ್ರೀತಿ ಎಂದು ತಿಳಿದಿದ್ದೆ. ಅದರಲ್ಲಿ ಪ್ರೀತಿಯೂ ಇದ್ದೀತು.

ಗುರುವಾರ ಇಬ್ಬರೂ ಬಸ್ಸಿಗೆ ಹುಲಗೂರಿಗೆ ಹೋದೆವು. ದರ್ಗಾದ ಮುಂದೆ ಇಳಿದಾಗ ಕೈಮುಗಿದೆ. ಏನೂ ಬೇಡಲಿಲ್ಲ, ಬೇಡುವ ಬಾಯಿ ಉಳಿದಿರಲಿಲ್ಲ. ಇಮಾಮಸಾಬರು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. ನಮ್ಮನ್ನು ಕಂಡು ಎದ್ದು, "ಬರ್ರಿ, ಬರ್ರಿ. ತಂಗಿ, ನನ್ನ ಕೂಸೆಲ್ಲಿ?" ಎಂದರು. ದೊಡ್ಡವಳಾಗಿದ್ದಾಳೆ, ಶಾಲೆಗೆ ಹೋಗಿದ್ದಾಳೆ ಎಂದೆ. ಮೆಹಬೂಬಿ ಅಕ್ಕ ಚಹಾಕ್ಕೆ ಇಡಲು ಹೊರಟಳು. ತಡೆದೆ. ಚಹಾ ಕುಡಿದರೆ ಮತ್ತೆ ನನ್ನಿಂದ ಆಗುವುದಿಲ್ಲವೆಂದು ಗೊತ್ತಿತ್ತು.

"ಅಣ್ಣಾ, ಮೂರನೇ ಅಂಕಣ ತಣ್ಣಗಿತ್ತು," ಎಂದೆ.

ಹಗ್ಗ ಅವರ ಕೈಯಲ್ಲೇ ನಿಂತಿತು. ನಾನು ಉಳಿದದ್ದನ್ನು ಹೇಳಿದೆ. ಅಳಲಿಲ್ಲ. ಅತ್ತರೆ ಅವರು ನನ್ನನ್ನು ಸಮಾಧಾನ ಮಾಡುತ್ತಾರೆ, ಅಂಥವರು ಅವರು. ನಮ್ಮ ಮನೆಯವರು ತಮ್ಮ ಪಾಲನ್ನು ತಾವೇ ಹೇಳಿಕೊಂಡರು.

"ಆರನೇದು?" ಇಮಾಮಸಾಬರು ಕೇಳಿದರು.

"ಬಿಸಿ ಇತ್ತಣ್ಣಾ. ಆರನೇದs ಬಿಸಿ ಇತ್ತು."

ಅವರು ತಲೆಯಾಡಿಸಿದರು. ನನ್ನ ಕಡೆ ನೋಡಲಿಲ್ಲ. ಮೆಹಬೂಬಿ ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ನಾ ಬರ್ತೇನಿ ಅಂದಿದ್ದೆ," ಎಂದಳು. "ನಮಾಜ್ ಮುಗಿಸಿ ಬರ್ತೇನಿ ಅಂದಿದ್ದೆನಲ್ಲ, ಗಿರಿಜವ್ವ."

ಅಷ್ಟು ಹೇಳಿ ಒಳಗೆ ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದು, ಹೊಲದ ಮಣ್ಣು ಮೆತ್ತಿದ್ದ ಗಂಡನ ಕಾಲ ಬಳಿ ಇಟ್ಟಳು. ಅವರು ಎಂದಿನಂತೆ ಅವಳ ಮುಖ ನೋಡಿದರು.

"ನೀವs ನೋಡ್ರಿ," ಎಂದಳು.

ಅವರು ಬೆರಳು ಅದ್ದಿದರು. ಅದ್ದಿ, ಹಾಗೇ ಹಿಡಿದು ಕುಳಿತರು. ನೀರು ಬಿಸಿಯೋ ತಣ್ಣಗೋ ಎಂಬ ಅವರ ಮಾತು ನಾವು ಕೇಳುವಂಥದ್ದಲ್ಲವೆಂದು ನಾವಿಬ್ಬರೂ ಎದ್ದು ಬಂದೆವು. ನಮ್ಮನ್ನು ಯಾರೂ ಕ್ಷಮಿಸಲಿಲ್ಲ, ನಾವೂ ಕೇಳಲಿಲ್ಲ.

ಆದರೆ ಅವರ ಮೇಲೆ ಅಪವಾದ ಬಂದದ್ದು ಹುಲಗೂರಿನ ಕಟ್ಟೆಯ ಮೇಲಲ್ಲ, ಸವಣೂರಿನಲ್ಲಿ, ಎಲ್ಲರೆದುರು. ಆದಕಾರಣ ಇದನ್ನು ಎಲ್ಲರೂ ಓದುವಲ್ಲಿ ಬರೆದೆ. ಅಂದು ಗೋಡೌನಿನ ಬಾಗಿಲಲ್ಲಿ ನಿಂತಿದ್ದವರು ಇದ್ದರೆ ಓದಲಿ, ಓದಲು ಬಾರದವರಿಗೆ ಓದಿ ಹೇಳಲಿ. ಆ ಕಾಗದದ ಸುರುಳಿಗಳು ಎಲ್ಲಾದರೂ ಟ್ರಂಕಿನಲ್ಲಿ ಉಳಿದಿದ್ದರೆ, ಆ ವರ್ಷದ ಹಸಿರು ಚುಕ್ಕೆ ಇದ್ದಲ್ಲಿ ಆರನೇ ಅಂಕಣವೆಂದು ಓದಿರಿ, ಕರಿ ಚುಕ್ಕೆ ಇದ್ದಲ್ಲಿ ಮೂರನೆಯದೆಂದು. ಇಮಾಮಸಾಬರ ಕೈ ಸುಳ್ಳು ಹೇಳಿರಲಿಲ್ಲ.

ಸಂಜೆಯ ದೀಪ ಈಗಲೂ ಹಚ್ಚುತ್ತೇನೆ. ಎಣಿಸುವುದಕ್ಕೆ ಮೊದಲು ಒಂದನ್ನು ಕಳೆಯುತ್ತೇನೆ — ಅಂದು ಎಣಿಸಿದ ಆ ಹಸಿರು ಚುಕ್ಕೆಯನ್ನು.